ಹಳದಿ ಜಾಕೆಟ್ಟಿನ ಹಿಂದೆ

ಸೆಪ್ಟೆಂಬರ್ 9, 2004, ಗುರುವಾರ

ಕಣ್ಣಿನ ಡಾಕ್ಟರ ಕೋಣೆಯಲ್ಲಿ ಒಂದು ಬಿಳಿಯ ಗೋಳದೆದುರು ಗದ್ದ ಊರಿ ಕೂತೆ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಹಳ ಹೊತ್ತು ಏನನ್ನೂ ಒತ್ತದೆ ಕೂತಿದ್ದೆ. ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಕೆಟ್ಟಿರಲಿಲ್ಲ.

ಗ್ಲಾಕೋಮಾ. ಎರಡೂ ಕಣ್ಣಿಗೆ. ಅದು ಅಂಚಿನಿಂದ ಒಳಕ್ಕೆ ಬರುವ ರೋಗ. ನೇರಕ್ಕೆ ಇರುವುದೆಲ್ಲ ನನಗೆ ಸ್ವಚ್ಛವಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಹೊರಟುಹೋಗಿದೆ. ಹೋದದ್ದು ವಾಪಸು ಬರುವುದಿಲ್ಲ. ಹನಿ ತಪ್ಪದೆ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು.

"ಕಾರು ಓಡಿಸುವುದನ್ನು ಇವತ್ತಿನಿಂದಲೇ ನಿಲ್ಲಿಸಿ" ಎಂದರು ಡಾಕ್ಟರು. ಆಗಲಿ ಎಂದೆ. ಆಮೇಲೆ ಕಾರು ಓಡಿಸಿಕೊಂಡು ನಾರ್‌ಕ್ರಾಸಿನ ಮನೆಗೆ ಬಂದೆ.

ಕೆಲಸಕ್ಕೆ ತೊಂದರೆಯಿಲ್ಲ. ನಾನು ಪೆಥಾಲಜಿಸ್ಟು. ದಿನವಿಡೀ ನೋಡುವುದು ಮೈಕ್ರೋಸ್ಕೋಪಿನ ವೃತ್ತವನ್ನು, ಅದರೊಳಗಿನ ಜೀವಕೋಶಗಳನ್ನು. ಆ ವೃತ್ತದ ಹೊರಗೆ ಏನು ಕಾಣುತ್ತಿದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ.

ಯಾರಿಗೂ ಹೇಳುವುದಿಲ್ಲ. ಅಮೆರಿಕದ ಈ ಊರಿನಲ್ಲಿ ಕಾರಿಲ್ಲದಿದ್ದರೆ ಯಾರೋ ಬಂದಾರೆಂದು ಕಿಟಕಿಯಲ್ಲಿ ನಿಂತಿರಬೇಕು. ಮದುವೆಯಾಗಿದ್ದ ವರ್ಷಗಳಲ್ಲಿ ನಾನು ಹಾಗೆ ನಿಂತಿದ್ದೇನೆ. ಒಂದು ಗ್ಯಾಲನ್ ಹಾಲು ಬೇಕೆಂದರೂ ಒಬ್ಬರ ಮುಖ ಹೇಗಿದೆ ಎಂದು ನೋಡಿ ಕೇಳಬೇಕಾಗಿತ್ತು. ಲೈಸೆನ್ಸ್ ಕೈಗೆ ಬಂದ ತಿಂಗಳೇ ಆ ಮನೆ ಬಿಟ್ಟೆ. ಆ ಪ್ಲಾಸ್ಟಿಕ್ ಕಾರ್ಡನ್ನು ವಾಪಸು ಕೊಡು ಎಂದರೆ ನನಗೆ ಬೇರೇನೋ ಕೇಳಿಸುತ್ತದೆ.

ಸೆಪ್ಟೆಂಬರ್ 18, ಶನಿವಾರ

ತಾರಾನಾಥರ ಸೈಕಲ್ ಗುಂಪಿಗೆ ಇವತ್ತು ನಾಲ್ಕನೆಯವರು ಬಂದರು.

ತಾರಾನಾಥರು ಹಲ್ಲಿನ ಡಾಕ್ಟರು, ಉಡುಪಿ ಕಡೆಯವರು. ಅಮೆರಿಕಕ್ಕೆ ಬರುವ ಮುಂಚೆ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದರು. ಅಲ್ಲಿನ ಯಾವುದೋ ಸೈಕಲ್ ಕ್ಲಬ್ಬಿನ ನಿಯಮಗಳನ್ನು ಹಾಗೆಯೇ ಇಲ್ಲಿಗೆ ತಂದಿದ್ದಾರೆ. ಯಾರೂ ಬೆವರಬಾರದು. ಹನ್ನೊಂದಕ್ಕೆ ಟೀ. ಕಾಡಿನಲ್ಲಿ ಆಫೀಸಿನ ಸುದ್ದಿ ಎತ್ತಬಾರದು. ಅವರ ಹೆಂಡತಿ ಸರೋಜಿನಿ ಈ ನಿಯಮಗಳನ್ನು ಮುರಿಯುವುದಕ್ಕೆಂದೇ ಬರುತ್ತಾರೆ. ನಾವು ಹೋಗುವುದು ಊರಿನ ಪಶ್ಚಿಮಕ್ಕಿರುವ ಹಳೆಯ ರೈಲುದಾರಿಗೆ. ಹಳಿ ಕಿತ್ತು ಡಾಂಬರು ಹಾಕಿ ಸೈಕಲ್ಲಿಗೆ ಬಿಟ್ಟಿದ್ದಾರೆ. ಎರಡೂ ಕಡೆ ಪೈನ್, ಓಕ್, ಸ್ವೀಟ್‌ಗಮ್. ಮರದ ಮೇಲೆ ಮರ ಹತ್ತಿದಂತೆ ಬಳ್ಳಿ.

"ಇದೆಂತ ಕಾಡು ಮಾರಾಯ್ರೆ" ಎಂದರು ತಾರಾನಾಥ, ಎಂದಿನಂತೆ. "ಮೇ ತಿಂಗಳಲ್ಲಿ ಇಂಗ್ಲೆಂಡಿನ ಕಾಡು ನೋಡ್ಬೇಕು. ನೆಲವೇ ಕಾಣುದಿಲ್ಲ, ಪೂರಾ ನೀಲಿ ಹೂ. ಉದ್ದಕ್ಕೂ ನಾವು ಸೈಕಲ್ಲಲ್ಲಿ."

"ಮತ್ತೆ ಅಲ್ಲೇ ಇರ್ಬೇಕಿತ್ತು" ಸರೋಜಿನಿ ಹೇಳಿದರು. "ಎಂತಕ್ಕೆ ಬಂದದ್ದು?"

"ಮಳೆ ಅಲ್ವಾ ಅಲ್ಲಿ."

"ಕೇಳಿದ್ರಾ ಡಾಕ್ಟ್ರೇ? ಉಡುಪಿಯವ್ರು ಮಳೆಗೆ ಹೆದ್ರಿ ಓಡಿ ಬಂದದ್ದು!"

ನಾಲ್ಕನೆಯವರು ಜಾನ್ಸ್ ಕ್ರೀಕಿನ ರಾಜಲಕ್ಷ್ಮಿ. ಮೈಸೂರಿನವರು, ಲೈಬ್ರರಿಯಲ್ಲಿ ಕೆಲಸ. ಹಳದಿ ಜಾಕೆಟ್ ಹಾಕಿ ಬಂದಿದ್ದರು. ಕನ್ನಡ ಕೂಟದಿಂದ ಪರಿಚಯ. ಹೋದ ವರ್ಷ ನವರಾತ್ರಿಯಲ್ಲಿ ಅವರ ಮನೆಗೆ ಬೊಂಬೆ ನೋಡಲು ಹೋಗಿದ್ದೆ. ಅಂದಿನಿಂದ ನನ್ನ ಜೊತೆ ಅವರಿಗೆ ಮಾತಿಲ್ಲ. ಕಾರಣ ಗೊತ್ತಿಲ್ಲ, ಕೇಳಿಯೂ ಇಲ್ಲ. ಕೂಟದಲ್ಲಿ ನನಗೆ ಬಹಳ ಜಂಬ ಎಂಬ ಹೆಸರಿದೆಯಂತೆ. ಎದುರು ಸಿಕ್ಕರೂ ನಮಸ್ಕಾರಕ್ಕೆ ನಮಸ್ಕಾರ ಹೇಳುವುದಿಲ್ಲವಂತೆ. ಇರಲಿ. ಜಂಬದವರ ಹತ್ತಿರ ಬಂದು ಯಾರೂ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ.

ಒಂದು ಅನುಕೂಲ ಕಂಡುಕೊಂಡೆ. ಮುಂದೆ ಹಳದಿ ಬಣ್ಣವೊಂದು ಹೋಗುತ್ತಿದ್ದರೆ ಅದರ ಹಿಂದೆ ಸೈಕಲ್ ಹೊಡೆಯುವುದು ಸಲೀಸು. ಅದು ತಿರುಗಿದಲ್ಲಿ ತಿರುಗಿದರಾಯಿತು.

ಅಕ್ಟೋಬರ್ 5, ಮಂಗಳವಾರ

ಹೆದ್ದಾರಿ ಬಿಟ್ಟಿದ್ದೇನೆ. ಸಂಜೆ ಮಬ್ಬಾಗುವ ಮುಂಚೆ ಲ್ಯಾಬಿನಿಂದ ಹೊರಡುತ್ತೇನೆ. ಗೊತ್ತಿರುವ ದಾರಿ ಮಾತ್ರ. ಸಿಗ್ನಲ್ಲಿನಲ್ಲಿ ತಲೆಯನ್ನು ಪೂರ್ತಿ ಆ ಕಡೆ, ಪೂರ್ತಿ ಈ ಕಡೆ ತಿರುಗಿಸುತ್ತೇನೆ, ಗೂಬೆಯ ಹಾಗೆ. ಇಷ್ಟು ಜಾಗ್ರತೆ ಸರಿಯಾದ ಕಣ್ಣಿರುವ ಯಾರಿಗಿದೆ?

ಪಕ್ಕದ ಮನೆಯವರ ಕಸದ ಡಬ್ಬಿಗೆ ತಾಗಿಸಿದೆ. ಅದು ನಿನ್ನೆಯವರೆಗೆ ಅಲ್ಲಿರಲಿಲ್ಲ.

ಅಕ್ಟೋಬರ್ 16, ಶನಿವಾರ

ನವರಾತ್ರಿ. ಈ ಸಲ ರಾಜಲಕ್ಷ್ಮಿಯವರ ಮನೆಯಿಂದ ಬೊಂಬೆಗೆ ಕರೆ ಬರಲಿಲ್ಲ. ಸೈಕಲ್ ದಾರಿಯ ಟೀ ಹೊತ್ತಿಗೆ ಕಡಲೆಕಾಳಿನ ಉಸ್ಲಿ ಬಂತು, ಸರೋಜಿನಿಯ ಕೈ ದಾಟಿ. ಇಂಗು ಹದವಾಗಿತ್ತು. ಚೆನ್ನಾಗಿದೆ ಎಂದು ಸರೋಜಿನಿಗೆ ಹೇಳಿದೆ. ಅವರು ಅದನ್ನು ಎರಡು ಮಾರು ದೂರದಲ್ಲಿದ್ದ ರಾಜಲಕ್ಷ್ಮಿಗೆ ದಾಟಿಸಿದರು.

ಅಕ್ಟೋಬರ್ 30, ಶನಿವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಎಲೆ ಬಣ್ಣ ತಿರುಗಿದೆ. ತಾರಾನಾಥ, ಸರೋಜಿನಿ ಮುಂದೆ ಹೋಗಿದ್ದರು. ರಾಜಲಕ್ಷ್ಮಿ ಸೈಕಲ್ಲಿನ ಚೈನು ಹಾಕಿಕೊಳ್ಳುತ್ತ ಹಿಂದೆ ಉಳಿದಿದ್ದರು. ಹೀಗಾಗಿ ನನ್ನ ಮುಂದೆ ಹಳದಿ ಇರಲಿಲ್ಲ. ಸೈಕಲ್ ದಾರಿ ಒಂದು ಹಳ್ಳಿರಸ್ತೆಯನ್ನು ದಾಟುವ ಜಾಗ. ನಿಲ್ಲು ಎಂಬ ಫಲಕ ಕಂಡಿತು, ನಿಂತೆ. ಎರಡೂ ಕಡೆ ನೋಡಿದೆ. ನೋಡಿದೆ ಎಂದೇ ಈಗಲೂ ಅನಿಸುತ್ತದೆ. ಪೆಡಲ್ ಒತ್ತಿದೆ.

ಹಿಂದಿನಿಂದ ಒಂದು ಕಿರುಚು, ಬೆನ್ನಿನ ಅಂಗಿಗೆ ಒಂದು ಕೈ, ಆಮೇಲೆ ಹುಲ್ಲು. ನನ್ನ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ರಾಜಲಕ್ಷ್ಮಿ. ಎಡಗಡೆಯಿಂದ ಬಂದ ಕೆಂಪು ಪಿಕಪ್ ಟ್ರಕ್ಕು ಬಹಳ ದೂರ ಹೋಗಿ ನಿಂತಿತು. ಅದರ ಚಾಲಕ ಇಳಿದು ಓಡಿ ಬಂದ, ಮುಖ ಬಿಳಿಚಿಕೊಂಡಿತ್ತು. ನಾವು ಸರಿಯಿದ್ದೇವೆ ಎಂದು ನಾವಿಬ್ಬರೂ ಅವನನ್ನು ಸಮಾಧಾನ ಮಾಡಿ ಕಳಿಸಬೇಕಾಯಿತು.

"ಅಷ್ಟು ದೊಡ್ಡ ಕೆಂಪು ಟ್ರಕ್ಕು ರೀ! ಕಾಣಿಸ್ಲಿಲ್ವಾ?" ಅದು ಒಂದು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು.

"ಗಮನ ಎಲ್ಲೋ ಇತ್ತು."

ಅವರ ಅಂಗೈ ತರಚಿ ರಕ್ತ ಒಸರುತ್ತಿತ್ತು. ತಾರಾನಾಥ ದಂಪತಿ ವಾಪಸು ಬಂದು ಗಾಬರಿಯಾಗಿ, ಔಷಧಿ ಪೆಟ್ಟಿಗೆ ತರಲು ಕಾರಿನ ಕಡೆ ಹೋದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ನಾನು ಎದುರಿನ ಮರ ನೋಡುತ್ತಿದ್ದೆ. ಬಹಳ ಹೊತ್ತಾಯಿತು.

"ನನ್ನ ಕೈಲೇನಿದೆ ಹೇಳಿ ನೋಡೋಣ."

ತಿರುಗಿದೆ. ನನ್ನ ಮೊಣಕೈಯ ಪಕ್ಕದಲ್ಲೇ ಅವರ ಗಾಯವಿಲ್ಲದ ಕೈ ಚಾಚಿಕೊಂಡಿತ್ತು. ಅದರಲ್ಲಿ ಒಂದು ಕೋಡುಬಳೆ.

"ಆಗಿನಿಂದ ಹಿಡ್ಕೊಂಡಿದೀನಿ. ನೀವು ತಗೋತಾನೂ ಇಲ್ಲ, ಬೇಡಾನೂ ಅಂತಿಲ್ಲ." ಕೋಡುಬಳೆಯನ್ನು ನನ್ನ ಅಂಗೈಯಲ್ಲಿಟ್ಟು ಕೇಳಿದರು: "ಹೋದ ವರ್ಷ ನಮ್ಮನೇಲಿ ಅರಿಶಿನ ಕುಂಕುಮದ ತಟ್ಟೆ ಹಿಡ್ಕೊಂಡು ಹೀಗೇ ನಿಂತಿದ್ದೆ. ಅದೂ ಕಾಣಿಸ್ಲಿಲ್ವಾ?"

"ಯಾವ ತಟ್ಟೆ?"

"ಅಯ್ಯೋ ರಾಮ."

ಅವರು ಹೇಳಿದ್ದು ಇದು. ಅವತ್ತು ಊರಿನಿಂದ ಬಂದು ಉಳಿದಿದ್ದ ಅವರ ಅತ್ತೆ, ಗಂಡನ್ನ ಬಿಟ್ಟವಳಿಗೆ ಕುಂಕುಮ ಯಾಕೆ, ಬರೀ ಹಣ್ಣು ಕೊಟ್ಟು ಕಳಿಸು ಎಂದಿದ್ದರು. ಇವರು ಅಡುಗೆಮನೆಯಲ್ಲಿ ಅತ್ತೆಯ ಜೊತೆ ಜಗಳವಾಡಿ, ಕೊಟ್ಟೇ ಕೊಡುತ್ತೇನೆ ಎಂದು ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದರು. ನನ್ನ ಪಕ್ಕ ನಿಂತು ತಟ್ಟೆ ಚಾಚಿದರು. ನಾನು ನೇರ ನೋಡಿಕೊಂಡು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ.

"ಮನೆ ತುಂಬ ಜನ. ನಮ್ಮತ್ತೆ ಏನೂ ಅನ್ಲಿಲ್ಲ, ಸುಮ್ನೆ ನನ್ನ ಮುಖ ನೋಡಿದ್ರು. ಅದಕ್ಕಿಂತ ಎರಡೇಟು ಹಾಕಿದ್ರೆ ಚೆನ್ನಾಗಿತ್ತು. ಆಮೇಲೆ ಒಂದು ವರ್ಷ ನಿಮ್ಮನ್ನ ಬೈಕೊಂಡೇ ಓಡಾಡಿದೀನಿ. ಮನಸ್ಸಲ್ಲೂ ಬೈದಿದೀನಿ, ಬಾಯಲ್ಲೂ ಬೈದಿದೀನಿ. ನಿಮಗೆ ಜಂಬ ಅಂತ ಹೇಳ್ಕೊಂಡು ಬಂದೋಳೂ ನಾನೇ ಅಂತಿಟ್ಕೊಳ್ಳಿ."

ನಾನು ಕಣ್ಣಿನ ವಿಷಯ ಹೇಳಿದೆ. ನಾಲ್ಕು ವಾಕ್ಯದಲ್ಲಿ ಮುಗಿಯಿತು. ಅವರು ಮರುಗಲಿಲ್ಲ. ಕೇಳಿದ್ದು ಒಂದೇ.

"ಇವತ್ತು ಇಲ್ಲಿಗೆ ಹೇಗೆ ಬಂದ್ರಿ?"

"ಕಾರಲ್ಲಿ."

"ಬೀಗದ ಕೈ ಕೊಡಿ."

"ಇಲ್ಲ."

ಕೊಡಲಿಲ್ಲ. ನಾನೇ ಓಡಿಸಿಕೊಂಡು ಬಂದೆ. ಕನ್ನಡಿಯಲ್ಲಿ ಅವರ ಕಾರು ಮನೆಯವರೆಗೂ ಇತ್ತು.

ನವೆಂಬರ್ 6, ಶನಿವಾರ

ಸೈಕಲ್ಲಿಗೆ ಹೋಗಲಿಲ್ಲ. ನೆಗಡಿ ಎಂದು ಹೇಳಿದೆ.

ಒಬ್ಬರು ಪ್ರಾಣ ಉಳಿಸಿದ ಮೇಲೆ ಅವರಿಗೆ ನಮ್ಮ ಮೇಲೆ ಹಕ್ಕು ಬರುತ್ತದೆಯೇ? ಅವರು ಟ್ರಕ್ಕಿನಿಂದ ಎಳೆದದ್ದಕ್ಕೆ ಕೃತಜ್ಞಳು. ಅಲ್ಲಿಗೆ ಮುಗಿಯಿತು. ನಾನು ಯಾರ ರೋಗಿಯೂ ಅಲ್ಲ. ಕೆಂಪು ಟ್ರಕ್ಕಿನ ಚಾಲಕನ ಮುಖ ಮಾತ್ರ ಆಗಾಗ ಬರುತ್ತದೆ. ಅವತ್ತು ಸ್ಟೀರಿಂಗ್ ಹಿಡಿದಿದ್ದವನು ಅವನು. ನಾಳೆ ನಾನಾಗಿರಬಹುದು, ಸೈಕಲ್ಲಿನ ಮೇಲೆ ಬೇರೆ ಯಾರೋ.

ಇದನ್ನು ಯೋಚಿಸುವುದು ಬೇಡ.

ನವೆಂಬರ್ 10, ಬುಧವಾರ

ಸೋಮವಾರ ಬೆಳಿಗ್ಗೆ ನಾನು ಕಾರು ಹೊರಗೆ ತೆಗೆದಾಗ ಬೀದಿಯ ಕೊನೆಯಲ್ಲಿ ರಾಜಲಕ್ಷ್ಮಿಯವರ ಕಾರು ನಿಂತಿತ್ತು. ಲ್ಯಾಬಿನವರೆಗೂ ಹಿಂದೆ ಬಂತು. ನಿನ್ನೆಯೂ ಬಂತು. ಇವತ್ತು ನಾನು ಕಾರನ್ನು ಮನೆಯ ಮುಂದೆಯೇ ಬಿಟ್ಟು ನಡೆದು ಹೋಗಿ ಅವರ ಕಿಟಕಿ ತಟ್ಟಿದೆ.

"ದಿನಾ ಹೀಗೇ ಹಿಂದೆ ಬರ್ತೀರಾ?"

"ನೀವು ಎಲ್ಲಾದ್ರೂ ಗುದ್ದಿದ್ರೆ ಸಾಕ್ಷಿ ಹೇಳೋಕೆ ಯಾರಾದ್ರೂ ಬೇಕಲ್ಲ."

"ನಿಮ್ಮ ಲೈಬ್ರರಿ ಆ ಕಡೆ. ಇದು ನಿಮ್ಮ ದಾರಿನೇ ಅಲ್ಲ."

"ನನಗೂ ಗೊತ್ತು. ಟ್ರಾಫಿಕ್ಕಲ್ಲಿ ನಿಮ್ಮನ್ನ ಬೈಕೊಂಡೇ ಬಂದೆ. ಅಭ್ಯಾಸ ಇದೆಯಲ್ಲ."

ನಗು ಬಂತು. ತಡೆದುಕೊಂಡೆ. "ರಾಜಲಕ್ಷ್ಮಿ ಅವರೇ, ನಾನು ಯಾರ ಹತ್ರಾನೂ ಏನೂ ಕೇಳೋಳಲ್ಲ. ಕೇಳಿ ಕೇಳಿ ಸಾಕಾಗಿದೆ."

"ನೀವೆಲ್ಲಿ ಕೇಳಿದ್ರಿ? ಕೇಳೋ ಮುಂಚೇನೇ ಬಂದು ನಿಂತಿದೀನಲ್ಲ. ಹತ್ತಿ, ಲೇಟಾಗ್ತಿದೆ. ಎರಡೆರಡು ಕಾರಲ್ಲಿ ಪೆಟ್ರೋಲ್ ಯಾಕೆ ಸುಡ್ಬೇಕು?"

ಇವತ್ತೊಂದು ದಿನ ಎಂದು ಹತ್ತಿದೆ. ಕಾರಿನ ಒಳಗೆ ಸಾರಿನಪುಡಿಯ ವಾಸನೆ.

ನವೆಂಬರ್ 20, ಶನಿವಾರ

ನನ್ನ ಕಣ್ಣಿನ ವಿಷಯ ರಾಜಲಕ್ಷ್ಮಿ ಯಾರಿಗೂ ಹೇಳಿರಲಿಲ್ಲ. ಟೀ ಹೊತ್ತಿನಲ್ಲಿ ನಾನೇ ಹೇಳಿದೆ. ತಾರಾನಾಥರು ಫ್ಲಾಸ್ಕಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. ಸರೋಜಿನಿ ಕಣ್ಣು ಒರೆಸಿಕೊಂಡು ಒಂದು ಬಾಳೆಹಣ್ಣು ಸುಲಿದು ನನ್ನ ಕೈಗೆ ಕೊಟ್ಟರು, ಸರಿಯಾಗಿ ಮೂಗಿನ ನೇರಕ್ಕೆ ಹಿಡಿದು.

"ಸರಿ" ಎಂದರು ತಾರಾನಾಥ ಕೊನೆಗೆ. "ಕ್ಲಬ್ಬಿನ ನಿಯಮ ಇವತ್ತಿಂದ ಬದಲು. ಮುಂದೆ ಹಳದಿ ಜಾಕೆಟ್ಟು. ಡಾಕ್ಟ್ರ ಎಡಗಡೆ ನಾನು. ಹಿಂದೆ ಸರೋಜ, ಗಂಟೆ ಹೊಡೀಲಿಕ್ಕೆ."

"ನಿಮ್ಮ ಎಡಗಿವಿಗೂ ಹನಿ ಹಾಕ್ಬೇಕಾಗ್ತದೆ ಡಾಕ್ಟ್ರೇ" ಸರೋಜಿನಿ ಹೇಳಿದರು. "ಇವ್ರ ಮಾತು ನಿಲ್ಲುದಿಲ್ಲ."

ನಿಜವಾಗಿ ನಿಲ್ಲಲಿಲ್ಲ. ಇಂಗ್ಲೆಂಡಿನ ಮಳೆ, ಒದ್ದೆ ಸಾಕ್ಸು, ಯಾವುದೋ ಹಳ್ಳಿಯಲ್ಲಿ ಕೊಟ್ಟ ಗಟ್ಟಿ ಕೇಕು. ಆ ಮಾತು ನನ್ನ ಎಡಕ್ಕೆ ಒಂದು ಬೇಲಿಯಂತೆ ಓಡುತ್ತಿತ್ತು. ಅದು ಹತ್ತಿರ ಬಂದರೆ ಬಲಕ್ಕೆ ಸರಿಯುತ್ತಿದ್ದೆ. ಒಂದು ಕಡೆ ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ "ಮುಂದೇನಾಯ್ತು?" ಎಂದು ಕೇಳಿದೆ.

ಎಲೆ ಮುಕ್ಕಾಲು ಉದುರಿದೆ. ಚಕ್ರದ ಕೆಳಗೆ ಒಣ ಎಲೆಯ ಸದ್ದು ಇಷ್ಟೊಂದು ಬಗೆಯದೆಂದು ಗೊತ್ತಿರಲಿಲ್ಲ. ಓಕಿನದು ಗಟ್ಟಿ, ಹಪ್ಪಳ ಮುರಿದಂತೆ. ಪೈನಿನ ಸೂಜಿ ಸದ್ದನ್ನೇ ನುಂಗುತ್ತದೆ.

ಡಿಸೆಂಬರ್ 14, ಮಂಗಳವಾರ

ದಿನಾ ನನ್ನನ್ನು ಲ್ಯಾಬಿಗೆ ಬಿಡುವ ರಾಜಲಕ್ಷ್ಮಿಗೆ ಇವತ್ತು ರಜೆ. ಕಾರು ನಾನೇ ತೆಗೆದೆ, ಅಂಗಡಿಗೆ ಹೋಗಿ ಬಂದೆ. ಏನೂ ಆಗಲಿಲ್ಲ. ಸಾಮಾನನ್ನು ಕಾರಿನಲ್ಲೇ ಬಿಟ್ಟು ಒಳಗೆ ಬಂದುಬಿಟ್ಟಿದ್ದೆ, ಆಮೇಲೆ ಹೋಗಿ ತಂದೆ.

ಜನವರಿ 19, 2005, ಬುಧವಾರ

ರಾಜಲಕ್ಷ್ಮಿ ತಡ. ಕಿಟಕಿಯಲ್ಲಿ ನಿಂತು ಸಾಕಾಯಿತು. ಅವರಿಗೆಂದು ಮಾಡಿದ ಕಾಫಿ ಆರಿಹೋಯಿತು, ಮತ್ತೆ ಬಿಸಿ ಮಾಡಿದರೆ ರುಚಿ ಕೆಡುತ್ತದೆ. ಹೊಸದಾಗಿ ಮಾಡಿದೆ. ಬಂದವರೇ "ಕಾಫಿ ಬೇಡ ಕಣೇ, ಲೇಟಾಯ್ತು" ಎಂದು ಪೂರ್ತಿ ಲೋಟ ನಿಂತೇ ಕುಡಿದರು. ದಾರಿಯುದ್ದಕ್ಕೂ ತಮ್ಮ ಅತ್ತೆಯ ಕತೆ. ಅತ್ತೆಗೆ ನನ್ನ ಕಣ್ಣಿನ ವಿಷಯ ಹೇಳಿದರಂತೆ. ಆಕೆ ಮೈಸೂರಿನಿಂದ ಫೋನಿನಲ್ಲಿ, "ಹಾಗಿದ್ರೆ ಅವತ್ತಿನದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಕರೆದು ಕೊಡು. ನೀನು ಎದುರಿಗೆ ನಿಂತ್ಕೊಂಡು ಕೊಡ್ಬೇಕು, ಪೆದ್ದಿ" ಎಂದರಂತೆ.

ಫೆಬ್ರವರಿ 26, ಶನಿವಾರ

ಮೋಡ. ಚಳಿ. ಯಾರಿಗೂ ಸೈಕಲ್ ಹತ್ತುವ ಮನಸ್ಸಿರಲಿಲ್ಲ, ಆದರೂ ಹತ್ತಿದೆವು. ರಸ್ತೆಬದಿಯ ಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಸಿಕ್ಕಿತು. ನಾಲ್ವರೂ ಒಂದೇ ಪೊಟ್ಟಣಕ್ಕೆ ಕೈ ಹಾಕಿ ತಿಂದೆವು. ತಾರಾನಾಥರು ಇಂಗ್ಲೆಂಡಿನಲ್ಲಿ ಇದು ಸಿಗುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಸರೋಜಿನಿ ಅದನ್ನು ಎರಡು ಸಲ ಹೇಳಿಸಿದರು.

ಮಾರ್ಚ್ 22, ಮಂಗಳವಾರ

ಕಾರು ಕೊಟ್ಟುಬಿಟ್ಟೆ.

ಲ್ಯಾಬಿನ ಸಹೋದ್ಯೋಗಿಯ ಮಗಳು ಕಾಲೇಜಿಗೆ ಹೋಗುವವಳು, ಬಂದು ತೆಗೆದುಕೊಂಡು ಹೋದಳು. ಪೈನ್ ಮರಗಳ ಪರಾಗ ಕಾರಿನ ಮೇಲೆ ದಪ್ಪಗೆ ಕೂತಿತ್ತು. ವೈಪರ್ ಹಾಕಿ ಗಾಜು ಒರೆಸಿದಳು. ತಿರುವಿನಲ್ಲಿ ನಿಂತು, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕಣ್ಣು ಹೊರಳಿಸಿ, ಕುತ್ತಿಗೆಯನ್ನೇ ತಿರುಗಿಸದೆ ಹೊರಟಳು. ಎಷ್ಟು ಸುಲಭವಾಗಿ.

ಏನೂ ಅನಿಸಲಿಲ್ಲ ಎಂದು ಬರೆಯಲು ಕೂತಿದ್ದೆ. ಅನಿಸಿತು. ಖಾಲಿ ಜಾಗದಲ್ಲಿ ಎಣ್ಣೆಯ ಕಲೆಯಿತ್ತು. ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡಿದೆ. ಆಮೇಲೆ ಒಳಗೆ ಬಂದು ಫೋನ್ ಮಾಡಿದೆ.

"ರಾಜಲಕ್ಷ್ಮಿ, ಒಂದು ಕೇಳ್ಲಾ?"

"ಏನಾಯ್ತು? ಹುಷಾರಾಗಿದೀಯಾ?"

"ಹುಷಾರಾಗಿದೀನಿ. ಕೆಲಸಕ್ಕಲ್ಲ, ಡಾಕ್ಟರ ಹತ್ರಾನೂ ಅಲ್ಲ. ಬೆಟ್ಟದ ಕಡೆ ಡಾಗ್‌ವುಡ್ ಮರ ಹೂ ಬಿಡೋ ಹೊತ್ತಿಗೆ ಒಂದು ದಿನ ಹೋಗ್ಬೇಕು ಅಂತ ಆಸೆ. ಸುಮ್ಮನೆ. ಕೆರೊಲೈನಾ ಗಡಿ ದಾಟಿ ಸೈಕಲ್ ಹೊಡಿಯೋಕೆ ಒಳ್ಳೆ ಕಾಡಿದೆಯಂತೆ. ಕರ್ಕೊಂಡು ಹೋಗ್ತೀಯಾ?"

ಆಗದಿದ್ದರೆ ಬೇಡ ಎಂದು ನಾನೇ ಸೇರಿಸಿದೆ. ಹಾಲು ಕೇಳುತ್ತಿದ್ದ ದಿನಗಳ ಹಾಗೆ.

"ಇಷ್ಟು ಕೇಳೋಕೆ ನಿನಗೆ ಐದು ತಿಂಗಳು ಬೇಕಾಯ್ತಾ?" ಎಂದಳು. "ಪುಳಿಯೋಗರೆ ನಾನು ಮಾಡ್ತೀನಿ. ಮೊಸರನ್ನ ನೀನು. ಸರೋಜಿನಿಗೆ ಹೇಳ್ಬೇಡ, ಅವಳು ಒಂದು ಗಾಡಿ ತುಂಬ ಮಾಡ್ಕೊಂಡು ಬರ್ತಾಳೆ."

ಏಪ್ರಿಲ್ 16, ಶನಿವಾರ

ನಸುಕಿನಲ್ಲೇ ಹೊರಟೆವು. ಸೈಕಲ್ಲುಗಳನ್ನು ಹಿಂದೆ ಕಟ್ಟಿಕೊಂಡು. ತಾರಾನಾಥ ದಂಪತಿ ಅವರ ಗಾಡಿಯಲ್ಲಿ ಮುಂದೆ, ನಾವಿಬ್ಬರು ಹಿಂದೆ. ಸರೋಜಿನಿಗೆ ಯಾರು ಹೇಳಿದರೋ, ಬಿಸಿಬೇಳೆಬಾತು ಕೂಡ ಬಂದಿತ್ತು.

ಕಾಡಿನ ಬಗ್ಗೆ ನಾಳೆ ಬರೆಯುತ್ತೇನೆ. ಕೈಕಾಲು ಸೋತಿವೆ. ಒಂದನ್ನು ಮಾತ್ರ ಇವತ್ತೇ ಬರೆಯಬೇಕು.

ಈ ದಾರಿಯಲ್ಲಿ ನಾನು ಎಷ್ಟೋ ಸಲ ಬಂದಿದ್ದೇನೆ, ನಾನೇ ಓಡಿಸಿಕೊಂಡು. ನೋಡಿದ್ದು ಮುಂದಿನ ಕಾರಿನ ಬಾಲವನ್ನು. ಹೋದ ಒಂದೆರಡು ವರ್ಷ ಅದನ್ನೂ ಹೆದರಿಕೆಯಿಂದ ನೋಡಿದ್ದೇನೆ. ಇವತ್ತು ಬೆಟ್ಟದ ತಿರುವುಗಳು ಶುರುವಾದ ಮೇಲೆ, ಮುಂದೆ ನೋಡುವ ಕೆಲಸ ನನ್ನದಲ್ಲ ಎಂಬುದು ತಟ್ಟನೆ ಹೊಳೆಯಿತು. ಸೀಟಿನಲ್ಲಿ ಪೂರ್ತಿ ತಿರುಗಿ ಪಕ್ಕದ ಕಿಟಕಿಗೆ ಮುಖ ಮಾಡಿ ಕೂತೆ.

ಅಲ್ಲೊಂದು ತೊರೆಯಿತ್ತು. ರಸ್ತೆಯ ಜೊತೆಜೊತೆಗೇ ಬರುತ್ತಿತ್ತು. ಇಷ್ಟು ವರ್ಷವೂ ಬರುತ್ತಿತ್ತೇನೋ. ಅದರಾಚೆ ಬೋಳು ಮರಗಳ ನಡುವೆ ಡಾಗ್‌ವುಡ್, ಯಾರೋ ಬಿಳಿ ಬಟ್ಟೆಗಳನ್ನು ಕಾಡಿನೊಳಗೆ ಅಲ್ಲಲ್ಲಿ ಒಣಹಾಕಿ ಮರೆತುಹೋದ ಹಾಗೆ. ಒಂದು ಮನೆಯ ಜಗುಲಿಯಲ್ಲಿ ಒಬ್ಬಾಕೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಒಂದು ಕುದುರೆ ಬೇಲಿಯ ಮೇಲೆ ಗದ್ದ ಇಟ್ಟು ನಿಂತಿತ್ತು. ನನ್ನ ಕಿರಿದಾದ ವೃತ್ತದೊಳಗೆ ಒಂದೊಂದೇ ಬಂದವು, ಪೂರ್ತಿಯಾಗಿ ಬಂದವು, ಹೋದವು.

"ಆಗಿನಿಂದ ಏನು ನೋಡ್ತಿದೀಯಾ?" ರಾಜಲಕ್ಷ್ಮಿ ಕೇಳಿದಳು.

"ಏನಿಲ್ಲ. ಮರ."

"ನೋಡು, ನೋಡು" ಎಂದಳು. ವೇಗ ತಗ್ಗಿಸಿದಳು. ತಾರಾನಾಥರ ಗಾಡಿ ತಿರುವಿನಾಚೆ ಮರೆಯಾಯಿತು. ಹಿಂದಿನಿಂದ ಯಾರೋ ಹಾರನ್ ಹೊಡೆದರು, ಮತ್ತೆ ಹೊಡೆದರು. ಅವಳು ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಬೇಕಾದರೆ ಮುಂದೆ ಹೋಗು ಎಂದು ಸನ್ನೆ ಮಾಡಿದಳು. ನಾವು ಹಾಗೇ ನಿಧಾನವಾಗಿ ಹೋದೆವು.